ಬೆರಳ ಸಂದಿ

ಮೊದಲು ಅದು ಬರೀ ಒಂದು ಕಪ್ಪು ಚುಕ್ಕಿ.
ಬಲಗೈಯ ನಡುಬೆರಳಿಗೂ ಉಂಗುರಬೆರಳಿಗೂ ಮಧ್ಯೆ,
ಕತ್ತರಿ ಆಡುವಾಗ ಒಂದನ್ನೊಂದು ಉಜ್ಜುವ ಕಡೆ.
ಮುಳ್ಳಿರಬೇಕು ಅಂದುಕೊಂಡೆ. ಉಗುರಿನಲ್ಲಿ ಕಿತ್ತೆ.
ಬರಲಿಲ್ಲ.
ಅರಿಶಿನ ಹಚ್ಚಿದೆ, ಪಟಿಕ ತೀಡಿದೆ.
ಅರಸೀಕೆರೆ ಸ್ಟೇಷನ್ನಿನ ಎದುರು
ಮೂವತ್ತೊಂದು ವರ್ಷದ ಅಂಗಡಿ ನನ್ನದು.
ಯಾರ ಗದ್ದದ ರಕ್ತವನ್ನೂ ನಿಲ್ಲಿಸಿದ ಪಟಿಕ
ನನ್ನ ಕೀವಿನ ಮಾತು ಕೇಳಲಿಲ್ಲ.

ಕೊನೆಗೆ ಹಾಸನದ ದೊಡ್ಡಾಸ್ಪತ್ರೆ. ಬೆಳಗಿನ ಪ್ಯಾಸೆಂಜರು.
ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತ
ಎರಡು ತಿಂಗಳು ತಳ್ಳಿದ್ದಕ್ಕೆ
ಈಗ ಕತ್ತಿ ಹಿಡಿದವರು ಬೇರೆ,
ಅಲುಗದೆ ಕೂತವನು ನಾನು.

ಡಾಕ್ಟರಮ್ಮ ಇನ್ನೂ ಎಳೆಯ ಹುಡುಗಿ,
ವಿನುತಾ ಅಂತ ಎದೆ ಮೇಲೆ ಹೆಸರು.
ಕೈ ಮರಗಟ್ಟಿದ ಮೇಲೆ ಚಿಮಟದಲ್ಲಿ ಎಳೆದರು.
ಒಂದು. ಮತ್ತೊಂದು. ಆಮೇಲೆ ಒಂದು ಪುಟ್ಟ ಜುಟ್ಟು.
"ಕೂದಲು, ಕದರಪ್ಪನವರೇ. ನಿಮ್ಮದಲ್ಲ."

ನಾನು ನಕ್ಕುಬಿಟ್ಟೆ.
ಎಷ್ಟು ತಲೆ ನೋಡಿದ್ದೇನೆ! ಎರಡು ಸುಳಿಯವರಿಗೆ
ಎರಡು ಮದುವೆ ಅಂತ ರೇಗಿಸಿದ್ದೇನೆ,
(ಒಬ್ಬನಿಗೆ ಆಗಿಯೂ ಆಯಿತು).
ತಣ್ಣೀರು ಎರಚಿದರೆ ಕತ್ತಿನ ರೋಮ
ಒಟ್ಟಿಗೆ ಎದ್ದು ನಿಲ್ಲುವುದು ಗೊತ್ತು.
ದೊಡ್ಡ ಜ್ವರ ಮಲಗಿ ಎದ್ದವರ ಉಗುರಿಗೆ
ಅಡ್ಡಗೆರೆ ಬೀಳುವುದು ಗೊತ್ತು,
ಗೆರೆ ತುದಿ ಮುಟ್ಟುವಷ್ಟರಲ್ಲಿ ಅವರಿಗೆ ಜ್ವರ ಮರೆತಿರುತ್ತದೆ.
ಇದೊಂದು ಗೊತ್ತಿರಲಿಲ್ಲ:
ಕತ್ತರಿಸಿದ ಕೂದಲಿಗೆ ಮೊನೆ ಇರುತ್ತದೆ,
ಹುಟ್ಟಿದ ಕಡೆಗೆ ವಾಪಸು ಹೋಗಲು
ಸಿಕ್ಕಿದ ಮೊದಲ ಚರ್ಮ ಸಾಕು ಅದಕ್ಕೆ.

ಹೊಲಿಗೆ ಹಾಕುತ್ತ ಡಾಕ್ಟರಮ್ಮ ಹೇಳಿದರು.
ಮೇಲಿನ ಪದರ ಸತ್ತದ್ದೇ, ದಿನಾ ಉದುರುತ್ತೆ,
ತಿಂಗಳೊಪ್ಪತ್ತಿಗೆ ನೀವು ಹೊರಗಿಂದ ಹೊಸಬರು.
ಕೆಳಗೆ ರಕ್ತ, ನರ, ಬೆವರಿನ ಸುರುಳಿ,
ಎಣ್ಣೆಯ ಪುಟ್ಟ ಗಾಣ,
ಅದರಡಿಗೆ ಕೊಬ್ಬಿನ ಹಾಸಿಗೆ.
ಧೂಳು, ಬಿಸಿಲು, ಕ್ರಿಮಿ, ನೀರು,
ಎಲ್ಲರನ್ನೂ ಬಾಗಿಲಲ್ಲೇ ವಿಚಾರಿಸುತ್ತೆ ಚರ್ಮ.
ಅದರ ಮಕ್ಕಳೇ ಕೂದಲು, ಉಗುರು.
ಮಕ್ಕಳನ್ನು ಯಾರು ವಿಚಾರಿಸುತ್ತಾರೆ, ನಾನಂದೆ.

ಟ್ರೇಯೊಳಗೆ ಹತ್ತಿಯ ಮೇಲೆ ಇಟ್ಟಿದ್ದರು.
ಕನ್ನಡಕ ಹಾಕಿ ನೋಡಿದೆ.
ಕೆಂಚಗಿರೋದು ಬಾಷಾ ಸಾಬರ ಗಡ್ಡದ ಮೆಹಂದಿ.
ದಪ್ಪ ಕರೀದು ಕೊಬ್ಬರಿ ಮಂಡಿ ಹಮಾಲಿ ಹುಡುಗರದು,
ಯಾವನದಾದರೂ ಸರಿ.
ನೆಟ್ಟಗಿರುವ ಒಂದು ಬಿಳಿ, ಗಾಜಿನ ಎಳೆ ಥರ,
ಅದು ಪಾಯಿಂಟ್ಸ್‌ಮನ್ ಕರಿಶೆಟ್ಟರದೇ.
ಶಿವರಾತ್ರಿ ಆದ ಮೇಲೆ ಅವರು ಕುರ್ಚಿಗೆ ಬಂದಿಲ್ಲ.
ಕೊನೆಯ ಕ್ಷೌರಕ್ಕೆ ನಾನೇ ಅವರ ಕ್ವಾರ್ಟರ್ಸಿಗೆ ಹೋಗಿದ್ದೆ.
ನೀರು ಹಚ್ಚಿದರೂ ರೋಮ ಏಳಲಿಲ್ಲ.
ಅವತ್ತು, ಅಳುವವರ ನಡುವೆ,
ಯಾರಿಗೂ ಹೇಳದೆ ನನ್ನ ಕೈಹಿಡಿದು ಬಂದಿದ್ದರು.

ಗ್ಲೌಸ್ ಹಾಕಿಕೊಳ್ಳಿ ಅಂದಿದ್ದರು ಡಾಕ್ಟರಮ್ಮ.
ಒಂದು ದಿನ ಹಾಕಿದೆ.
ಗಿರಾಕಿಯ ಕತ್ತಿನ ನರಹುಲಿ ಬೆರಳಿಗೆ ತಿಳಿಯದೆ
ರಕ್ತ, ಪಟಿಕ, ಬೈಗುಳ. ತೆಗೆದಿಟ್ಟೆ.
ಈಗ ರಾತ್ರಿ ಮಲಗುವ ಮುಂಚೆ ನನ್ನವಳು
ಹಳೆ ಟೂತ್‌ಬ್ರಷ್ಷಿನಲ್ಲಿ ಎಂಟು ಸಂದಿಯನ್ನೂ ತಿಕ್ಕುತ್ತಾಳೆ.

ಹೊಲಿಗೆ ಬಿಚ್ಚಿದ ಜಾಗ ಬೆಳ್ಳಗೆ ಮಿರುಗುತ್ತದೆ.
ಗೆರೆ ಇಲ್ಲ, ರಂಧ್ರ ಇಲ್ಲ, ಬೆವರೂ ಇಲ್ಲ.
ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದಾಗ
ಕೈಯೆಲ್ಲ ಒದ್ದೆ, ಕತ್ತರಿ ಜಾರುತ್ತದೆ.
ಅದೊಂದು ಕಡಲೆಕಾಳಿನಗಲ ಒಣಗಿರುತ್ತದೆ.
ಅಲ್ಲಿಗೆ ಆನಿಸಿ ಹಿಡಿಯುತ್ತೇನೆ.