ಹನ್ನೆರಡು ಪದ

ಬೈತಖೋಲ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ
ರಾತ್ರಿ ಪಾಳಿ ನನ್ನದು.
ಎರಡರ ಮೇಲೆ ಯಂತ್ರ ತೂಕಡಿಸುವಾಗ
ಫೋನಿನಲ್ಲಿ ನಾಲ್ಕು ಸಾಲು ಬರೆದು ಬಿಡುತ್ತೇನೆ:
ಇವತ್ತು ತಾರಲಿ ಇಲ್ಲ, ಕೂರ್ಮಗಡದ ಆಚೆ ನೀರು ಕೆಂಪು,
ತಾಂಡೇಲರ ರೋಹಿದಾಸ ಹರಿದ ಬಲೆಯ ಜೊತೆ
ಜಗಳಕ್ಕೆ ಕೂತಿದ್ದಾನೆ.

ಬೆಳಗಾಗುವುದರೊಳಗೆ ಯಾರೋ ಮತ ಹಾಕಿರುತ್ತಾರೆ.
ಮನಿಲಾದವಳೊಬ್ಬಳು, ಲಾಗೋಸಿನ ಹೊಲಿಗೆಯವ,
ಮುಖದ ಬದಲು ಗೂಬೆಯ ಚಿತ್ರವಿಟ್ಟ ಇನ್ನೊಬ್ಬ
(ಅವನದು ಭಾರದ ಮತ, ಬಿದ್ದರೆ ತಕ್ಕಡಿಯೇ ಕೆಳಗೆ).
ಒಂದು ನಾಣ್ಯ, ಮುಕ್ಕಾಲು ನಾಣ್ಯ,
ಕಿಸೆಯಲ್ಲಿ ಸದ್ದು ಮಾಡದ ಜಾತಿ.

ಶೆವಂತಿಬಾಯಿ ಬುಟ್ಟಿ ಇಳಿಸಿ ಕೇಳುತ್ತಾಳೆ:
"ಅದಕ್ಕೆ ಎಷ್ಟು ಬಂಗಡೆ ಬರ್ತದೆ?"
ಸೋಮವಾರ ಇಪ್ಪತ್ತು ಎಂದಿದ್ದೆ.
ಗುರುವಾರ ಮೂರು.
ಅವಳು ನಗಲಿಲ್ಲ.
"ಹನ್ನೊಂದರ ಬಿಸಿಲಿಗೆ ನನ್ನ ಮೀನೂ ಹಾಗೇ"
ಎಂದು ಐಸು ಹೊತ್ತು ಹೋದಳು.

ಬೆಲೆ ಬಿದ್ದ ವಾರ ಗೂಬೆ ಬರಲಿಲ್ಲ.
ಬಹಳ ಜನ ಬರಲಿಲ್ಲ.
ಹೊಲಿಗೆಯವ ಮಾತ್ರ ಕೇಳಿದ:
ಆ ಬಲೆಯ ಜಗಳದಲ್ಲಿ ಗೆದ್ದವರು ಯಾರು?
ಅವನಿಗೆ ಎರಡು ಪುಟ ಉತ್ತರ ಬರೆದೆ,
ರೋಹಿದಾಸನ ಸೂಜಿ, ಅವನು ಹಾಕುವ ಗಂಟು, ಅವನ ಬೈಗುಳ ಸಮೇತ.
ನಾಣ್ಯವೇನೂ ಹುಟ್ಟಲಿಲ್ಲ.

ಗಳಿಸಿದ್ದರ ಬೀಗ ತೆಗೆಯಲು
ಇಂಗ್ಲಿಷಿನ ಹನ್ನೆರಡು ಪದ ಬೇಕು.
ಕ್ರಮ ತಪ್ಪಬಾರದು, ಯಾರಿಗೂ ತೋರಬಾರದು.
ಐಸಿನ ಬಿಲ್ಲಿನ ಹಿಂದೆ ಬರೆದಿಟ್ಟಿದ್ದೆ;
ಒದ್ದೆಯಾಗಿ ಏಳನೆಯದು ಕದಡಿದೆ.
ಶಿಪ್ಪೋ ಶಾಪೋ,
ದೀಪಕ್ಕೆ ಹಿಡಿದು ನೋಡುತ್ತಿದ್ದೇನೆ.

ಹೊರಗೆ ಟ್ರಾಲರ್ ಬಂದು ತಾಗಿತು.
ಐಸು, ಐಸು ಎಂದು ಕೂಗುತ್ತಿದ್ದಾರೆ.