ಎರಡನೇ ಕಟ್ಟೆಯಿಂದ ಏಳು ಗಂಟೆಗೆ

ಮೊಯ್ನಾಕ್‌ನಲ್ಲಿ ಔಷಧಿ ಅಂಗಡಿಯ ಷಟರ್ ಎಳೆದ ಮೇಲೆ
ಪೆರಿಜಾತ್ ಮೊಬೈಲಿನಲ್ಲಿ ಮೊದಲ ಮೊಳೆ ಹೊಡೆದಳು.
ಕೆಂಪು ಮೊಳೆ, ತಲೆಯಷ್ಟೇ ಕಾಣುವಂಥದು.
ಕೆಳಗೆ ಬರೆದಳು: ಹಡಗುಕಟ್ಟೆ ನಂಬರ್ ಎರಡು.
ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ. ಶುಕ್ರವಾರ ರಜೆ.

ಆ ನಕಾಶೆ ಹಳೆಯದು. ಸಮುದ್ರ ಅದರಲ್ಲಿ ಇನ್ನೂ ಇತ್ತು,
ನೀಲಿ, ಯಾರೋ ಒರೆಸಲು ಮರೆತ ಬಣ್ಣದ ಹಾಗೆ.
ಕಿಟಕಿಯಾಚೆ ಮರಳು, ಉಪ್ಪು, ಸಕ್ಸಾವುಲ್ ಪೊದೆ,
ಎಷ್ಟೋ ಹರದಾರಿ ಆಚೆ ಸರಿದುಹೋದ ನೀರು.
ಸುಳ್ಳು ಶುರು ಮಾಡಿದ್ದು ನಾನಲ್ಲ, ಅಂದುಕೊಂಡಳು,
ನಾನು ಬರೇ ವೇಳಾಪಟ್ಟಿ ಹಾಕಿದೆ.

ಎರಡನೇ ಮೊಳೆ: ಇಲ್ಲಿ ಟಿಕೆಟ್ ಹರಿಯುವ ಜಂಗಾಬಾಯ್‌ನ ಟೋಪಿ
ಗಾಳಿಗೆ ಹಾರಿತು. ಐದನೆಯದರಲ್ಲಿ ಸಿಗುತ್ತದೆ,
ಆದರೆ ಎರಡು ಬೆರಳು ಅಗಲಿಸಿ ತೀರ ಹತ್ತಿರ ಹೋಗಬೇಕು,
ಇಲ್ಲದಿದ್ದರೆ ಬರೀ ನೀಲಿ.
ಇಲ್ಲಿ ಓದುವುದೆಂದರೆ ಬೆರಳಿನಿಂದ ನೀರು ಎಳೆಯುವುದು.
ಅವಸರದವರು ಹೆರಿಗೆಯ ಮೇಲೇ ಹಾದುಹೋಗುತ್ತಾರೆ:
ಒಂಬತ್ತನೇ ಮೊಳೆ, ನಡುರಾತ್ರಿ, ಮೇಲಿನ ಡೆಕ್ಕು,
ಹುಟ್ಟೂರು ಎಂದಿರುವಲ್ಲಿ ಅಕ್ಷಾಂಶ, ರೇಖಾಂಶ.
ದೂರ ಸರಿದು ನೋಡಿದರೋ, ಹದಿನಾಲ್ಕು ಅಧ್ಯಾಯವೂ
ಹೆಬ್ಬೆರಳ ಅಡಿಯಲ್ಲಿ.
ಹದಿನೈದನೆಯದು ಆಚೆ ದಡ. ಅಲ್ಲಿ ಯಾರು ಕಾಯುತ್ತಾರೋ
ಅವಳಿಗೇ ಗೊತ್ತಿಲ್ಲ, ಬರೆದಿಲ್ಲ.

ಮೊದಲ ತಿಂಗಳು ಯಾರೂ ಹತ್ತಲಿಲ್ಲ.
ಆಮೇಲೆ ನುಕುಸ್‌ನಿಂದ ಒಬ್ಬ: ನಾಲ್ಕು ನಕ್ಷತ್ರ.
ಹಡಗು ಹೊತ್ತಿಗೆ ಸರಿಯಾಗಿ ಬಂತು, ಚಹಾ ತಣ್ಣಗಿತ್ತು.
ಇನ್ನೊಬ್ಬಳು: ಹೋಗುವಾಗ ಎಡಗಡೆ ಕೂತರೆ ಬಿಸಿಲು ಕಮ್ಮಿ.
ಅಲ್ಮಾತಿಯಿಂದ ಯಾರೋ ಒಂದೇ ನಕ್ಷತ್ರ ಕೊಟ್ಟರು,
ಕಾರಣ ಬರೆಯಲಿಲ್ಲ. ಅದು ಅವಳನ್ನು ವಾರವಿಡೀ ಕೊರೆಯಿತು.

ಸೋದರಮಾವ ತೋರೆಮುರಾತ್, ಎಂಬತ್ತರ ಹತ್ತಿರ,
ಮೊದಲು ಬಲೆಯ ದೋಣಿ, ನೀರು ಹೋದ ಮೇಲೆ ಡಬ್ಬಿ ಕಾರ್ಖಾನೆ,
ಬೇರೆಲ್ಲಿಂದಲೋ ಬಂದ ಮೀನು ಸೀಳಿ ಸೀಳಿ
ಬೆರಳ ಗೆರೆಗಳು ಸವೆದು ಯಾವ ಫೋನೂ ಅವನನ್ನು ಗುರುತಿಸದು.
ಕನ್ನಡಕ ಒರೆಸಿ ನೋಡಿದ. ಬೈಯುತ್ತಾನೆ ಅಂದುಕೊಂಡಳು.
ಏಳನೇದು ತಪ್ಪು, ಅಂದ. ಅಲ್ಲಿ ದಿಬ್ಬ ಇದೆ.
ಎದೆಮಟ್ಟ ನೀರಿಲ್ಲ. ಸೆಪ್ಟೆಂಬರಿನಲ್ಲಿ ತಳ ಹತ್ತುತ್ತೆ.
ಪಡುವಣಕ್ಕೆ ಸುತ್ತಿಸು.
ಮಾವ, ಇದು ಕತೆ.
ಕತೆಯಾದರೇನು, ಒಳಗೆ ಜನ ಕೂತಿಲ್ಲವಾ?

ಅವನು ತಟ್ಟಿದ. ಪರದೆ ಅಲುಗಲಿಲ್ಲ.
ಅವಳೇ ಮೊಳೆ ಕಿತ್ತು ಸರಿಸಿದಳು,
ಇನ್ನೂ ಸ್ವಲ್ಪ, ಇನ್ನೂ, ಹಾಂ ಸಾಕು,
ಅವನ ಉಸಿರು ಅವಳ ಕಿವಿಯ ಹತ್ತಿರ, ಹಳೆಯ ತಂಬಾಕು.
ಆ ರಾತ್ರಿ ಹಡಗು ನಲವತ್ತು ನಿಮಿಷ ತಡ.
ನುಕುಸ್‌ನವನು ದೂರು ಬರೆದ.

ನಿನ್ನೆ ನಕಾಶೆಯೇ ಕೇಳಿತು:
ಈ ಸ್ಥಳ ಈಗಲೂ ಇದೆಯೆ?
ಹೌದು. ಇಲ್ಲ. ಗೊತ್ತಿಲ್ಲ.
ಮೂರರ ಮೇಲೂ ಬೆರಳಾಡಿಸಿ
ಯಾವುದನ್ನೂ ಒತ್ತದೆ ಮಲಗಿದಳು.

ಬೆಳಿಗ್ಗೆ ಆರೂವರೆ. ಷಟರ್ ಅರ್ಧ ಎತ್ತಿದ್ದಳಷ್ಟೆ,
ಅದರಡಿ ಮೊದಲು ಕಂಡದ್ದು ಒಂದು ಚೀಲ,
ಆಮೇಲೆ ಧೂಳು ಹಿಡಿದ ಬೂಟು,
ಆಮೇಲೆ ಈ ಊರಿನವನಲ್ಲದ ಒಬ್ಬ.
ವಾಂತಿಗೆ ಮಾತ್ರೆ ಇದೆಯಾ?
ಬಸ್ಸಿಗಾ?
ಅವನು ಅಲ್ಲ ಎಂದು ತಲೆಯಾಡಿಸಿ ಗಡಿಯಾರ ನೋಡಿಕೊಂಡ.
ಅವಳು ಅವನ ಮುಖ ನೋಡಲಿಲ್ಲ, ನಗುತ್ತಿದ್ದನೋ ಏನೋ.
ಪಟ್ಟಿಯಿಂದ ನಾಲ್ಕು ಕತ್ತರಿಸಿದಳು, ಹೋಗಿ ಬರುವಷ್ಟು.
ಹತ್ತುವ ಅರ್ಧ ಗಂಟೆ ಮುಂಚೆ ಒಂದು, ಅಂದಳು.
ಅಂದರೆ ಈಗಲೇ.