ಒಂಬತ್ತೂವರೆ

ದೋಣಿ ಬರುವುದು ಐದಕ್ಕೆ.
ಅಂಗನವಾಡಿಯ ಬೀಗ ತೆಗೆಯುವುದು ಒಂಬತ್ತೂವರೆಗೆ.
ನಡುವಿನ ನಾಲ್ಕೂವರೆ ತಾಸಿಗೆ
ಬೈತಖೋಲದಲ್ಲಿ ಯಾರೂ ಹೆಸರಿಟ್ಟಿಲ್ಲ.
ನನ್ನ ಸಾನಿಕಾ ಬೆಳೆದದ್ದು ಅದರೊಳಗೆ.

ಮೊದಲ ವರ್ಷ ಐಸಿನ ಪೆಟ್ಟಿಗೆಯಲ್ಲಿ ಮಲಗಿಸಿದೆ.
ಖಾಲಿ ಪೆಟ್ಟಿಗೆಯೇ; ಅಡಿಗೆ ಗೋಣಿ, ಮೇಲೆ ನನ್ನ ಹಳೇ ಸೀರೆ.
ಲಿಲಾವಿನವ ಕೂಗುತ್ತಿದ್ದ,
ಬಂಗಡೆ ಬುಟ್ಟಿ ಎಂಟುನೂರು, ಎಂಟುನೂರಾ ಐವತ್ತು...
ಒಮ್ಮೆ ಯಾವನೋ ಕೇಳಿದ,
ಈ ಪೆಟ್ಟಿಗೆಗೆಷ್ಟು ತಾರಾಮತಿ?
ಎಲ್ಲರೂ ನಕ್ಕರು. ನಾನೂ ನಕ್ಕೆ.
ಮನೆಗೆ ಬಂದು ಅವಳ ಹಿಮ್ಮಡಿ ಮುಟ್ಟಿದರೆ
ತಾರ್ಲೆಯ ಹಾಗೆ ತಣ್ಣಗೆ.

ಮರುವರ್ಷ ಪಕ್ಕದ ಮನೆ ರುಕ್ಮಾಬಾಯಿ ನೋಡಿಕೊಂಡಳು.
ದಿನಕ್ಕೆ ನಲವತ್ತು, ಮೇಲೆರಡು ಮೀನು.
ಮೀನು ಸಣ್ಣದಾದ ದಿನ
ಮಗಳ ಮೂಗು ಒರೆಸದೇ ಒಪ್ಪಿಸುತ್ತಿದ್ದಳು.
ಅವಳದು ತಪ್ಪೆನ್ನುವುದಿಲ್ಲ. ಅವಳಿಗೆ ಮಂಡಿನೋವು,
ನನ್ನ ಮಗಳಿಗೆ ಕಾಲು ಬಂದಿತ್ತು,
ಸಮುದ್ರ ಅಂಗಳದಲ್ಲೇ ಇತ್ತು.

ಬುಟ್ಟಿ ಕವುಚಿಟ್ಟೆ. ಹದಿನಾಲ್ಕು ತಿಂಗಳು.
ಒಳ್ಳೇದಾಯ್ತು, ಮನೆಯಲ್ಲಿ ಆರಾಮಿರು, ಎಂದ ಗಂಡ.
ಆರಾಮದಲ್ಲಿ ಮೊದಲು ಹೋದದ್ದು ಕಿವಿಯ ಓಲೆ.
ಆಮೇಲೆ ಕೋಡಿಬಾಗದ ನನ್ನ ಹದಿನಾರು ಮನೆ:
ಯಾರಿಗೆ ಮೊಟ್ಟೆಯಿದ್ದ ಮೀನೇ ಆಗಬೇಕು,
ಯಾರು ಸೋಮವಾರ ಬಾಗಿಲು ತೆರೆಯುವುದಿಲ್ಲ,
ಯಾರ ಅತ್ತೆ ಕಿವಿರು ಎತ್ತಿ ನೋಡದೆ ಬಿಡುವುದಿಲ್ಲ,
ಎಲ್ಲ ಬಾಯಿಪಾಠವಿತ್ತು, ಮೆಲ್ಲಗೆ ಮರೆತೆ.
ಹತ್ತು ರೂಪಾಯಿಗೂ ಗಂಡಸಿನ ಮುಖ ನೋಡಿ ಮಾತಾಡುವ
ಒಂದು ಸಣ್ಣ ದನಿ ಇರುತ್ತದಲ್ಲ,
ಅದು ನನ್ನ ಗಂಟಲಿಗೆ ಯಾವಾಗ ಬಂತೋ
ಗೊತ್ತೇ ಆಗಲಿಲ್ಲ.

ಈ ಸಲ ಬಂದರಿನ ಹಳೇ ಡೀಸೆಲ್ ಕೋಣೆಗೆ ಸುಣ್ಣ ಬಳಿದರು.
ಬೋರ್ಡಿನಲ್ಲಿ ಶಿಶುಪಾಲನಾ ಕೇಂದ್ರ. ನಮ್ಮ ಬಾಯಲ್ಲಿ ಬಾಲವಾಡಿ.
ಸುಣ್ಣದಡಿಯಿಂದ ಇನ್ನೂ ಡೀಸೆಲ್ ವಾಸನೆ ಬರುತ್ತದೆ.
ಆದರೆ ಬೆಳಗಿನ ನಾಲ್ಕೂಮುಕ್ಕಾಲಿಗೆ ಅಲ್ಲಿ ದೀಪ ಉರಿಯುತ್ತದೆ.
ನಾಲ್ಕೂಮುಕ್ಕಾಲು!
ಸರಕಾರಕ್ಕೆ ದೋಣಿಯ ಗಡಿಯಾರ ಯಾರು ತೋರಿಸಿದರೋ.

ಹೆಸರು ಬರೆಸುವ ದಿನ ಶೇವಂತಿ ಟೀಚರು ಕೇಳಿದಳು,
ತಾಯಿಯ ಉದ್ಯೋಗ?
ರೇಶನ್ ಕಾರ್ಡಿನಲ್ಲಿ ನಾನು ಗೃಹಿಣಿ. ಆಸ್ಪತ್ರೆಯ ಚೀಟಿಯಲ್ಲೂ ಗೃಹಿಣಿ.
ಒಂಬತ್ತು ವರ್ಷ ತಲೆಯ ಮೇಲೆ ಬುಟ್ಟಿ, ಕಾಗದದ ಮೇಲೆ ಗೃಹಿಣಿ.
ಸುಮ್ಮನಿದ್ದೆ. ಅವಳೇ ಪೆನ್ನು ಕೊಡವಿ ಬರೆದಳು:
ಮೀನು ವ್ಯಾಪಾರ.
ಇನ್ನೊಮ್ಮೆ ಓದು ಎಂದೆ. ಓದಿದಳು.

ಹದಿನಾರರಲ್ಲಿ ಒಂಬತ್ತು ಮನೆ ತಿರುಗಿ ಸಿಕ್ಕವು.
ಉಳಿದವರು ಚೆಂಡಿಯಾದಿಂದ ಬರುವವಳಿಗೆ ಒಗ್ಗಿಹೋಗಿದ್ದಾರೆ,
ಇರಲಿ, ಅವಳಿಗೂ ಮಕ್ಕಳಿರಬಹುದು.
ಬಸ್ಸಿನಲ್ಲಿ ನನಗೀಗ ಟಿಕೇಟಿಲ್ಲ, ಬುಟ್ಟಿಗಿದೆ.
ಕಂಡಕ್ಟರನ ಹತ್ತಿರ ಜಗಳಾಡುತ್ತೇನೆ. ಆ ಸಣ್ಣ ದನಿ ಆಗ
ಎಲ್ಲಿ ಇಳಿದು ಹೋಗುತ್ತದೋ.

ಒಂದು ಗುಟ್ಟು. ರಿಜಿಸ್ಟರಿನಲ್ಲಿ ಹದಿನೈದು ಹೆಸರು,
ನೆಲದ ಮೇಲೆ ಹದಿನಾರು ಚಾಪೆ.
ಮೂಲೆಯದರಲ್ಲಿ ಶೇವಂತಿಯ ಮಗ. ಎರಡು ವರ್ಷ.
ನಮ್ಮ ಮಕ್ಕಳನ್ನು ನೋಡುವವಳ ಮಗುವಿಗೆ
ಕಾನೂನಿನಲ್ಲಿ ಜಾಗವಿಲ್ಲವಂತೆ.
ಅವಳಿಗೆ ಸಿಗುವುದೂ ಸಂಬಳವಲ್ಲ, ಗೌರವಧನ;
ಮೂರು ತಿಂಗಳಿಂದ ಗೌರವ ಬಂದಿದೆ, ಧನ ಬಂದಿಲ್ಲ.

ತಪಾಸಣೆಗೆ ಸಾಹೇಬರು ಬಂದ ದಿನ
ಆ ಹುಡುಗನನ್ನು ಸೊಂಟಕ್ಕೇರಿಸಿ ಲಿಲಾವಿಗೆ ನಿಂತೆ.
ಇದ್ಯಾವಾಗ ಹೆತ್ತೆ ತಾರಾಮತಿ? ಕೇಳಿದರು.
ನಿನ್ನೆ ರಾತ್ರಿ, ಎಂದೆ.
ಹಿಮ್ಮಡಿ ಬೆಚ್ಚಗಿತ್ತು ಹುಡುಗನದು, ನನ್ನ ಹೊಟ್ಟೆಗೆ ಒದೆಯುತ್ತಿತ್ತು.
ಒಂದೇ ಕೈಯಲ್ಲಿ ಎಣಿಸಿದ್ದಕ್ಕೋ ಏನೋ ಲೆಕ್ಕ ತಪ್ಪಿ
ಎರಡು ಬಂಗಡೆ ಹೆಚ್ಚಿಗೆ ಬಂದವು.

ಶೇವಂತಿಗೆ ಕೊಡಹೋದರೆ,
ಬೇಡ ಮಾರಾಯ್ತಿ, ಲಂಚ ಅಂತಾರೆ, ಎಂದು ಕೈ ಹಿಂದಕ್ಕೆಳೆದಳು.
ಆಮೇಲೆ ಬಾಗಿಲಾಚೆ ಒಮ್ಮೆ ಇಣುಕಿ,
ಕಾಗದ ಸುತ್ತಿ ಕೊಡು.